ಬುಟ್ಟಿಯ ಹಣ್ಣಿಗೆ ಮಾನ ತಂದ ಶಾರ್ದಾಂ

2022ರ ಮಾರ್ಚ್ 23ರಂದು ಪ್ಯಾರಿಸ್ ನಗರದ ಹರಾಜು ಸಭಾಂಗಣವೊಂದರಲ್ಲಿ ಪುಟ್ಟದೊಂದು ತೈಲಚಿತ್ರ ಮಾರಾಟಕ್ಕೆ ಬಂದಿತು. ಅದರ ಎತ್ತರ 38 ಸೆಂಟಿಮೀಟರ್, ಅಗಲ 46 ಸೆಂಟಿಮೀಟರ್. ಬೆತ್ತದ ಬುಟ್ಟಿಯಲ್ಲಿ ಗೋಪುರದಂತೆ ಪೇರಿಸಿದ ಕಾಡು ಸ್ಟ್ರಾಬೆರಿ ಹಣ್ಣುಗಳು, ಪಕ್ಕದಲ್ಲೊಂದು ನೀರಿನ ಲೋಟ, ಎರಡು ಬಿಳಿಯ ಕಾರ್ನೇಷನ್ ಹೂಗಳು, ಎರಡು ಚೆರಿ, ಒಂದು ಪೀಚ್ ಹಣ್ಣು. ಚಿತ್ರದಲ್ಲಿ ಇದ್ದುದು ಇಷ್ಟೇ. ಒಂದೂವರೆ ಕೋಟಿ ಯೂರೊ ದೊರೆತರೆ ಹೆಚ್ಚೆಂದು ಬಲ್ಲವರು ಅಂದಾಜು ಮಾಡಿದ್ದರು. ಶುಲ್ಕವೂ ಸೇರಿ ಅದು 2 ಕೋಟಿ 43 ಲಕ್ಷ ಯೂರೊಗಳಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಚಿತ್ರ ಸಮುದ್ರ ದಾಟಿ ಅಮೆರಿಕಕ್ಕೆ ಹೋಗುವ ಹೊತ್ತಿಗೆ ಫ್ರಾನ್ಸ್ ಸರ್ಕಾರ ಅಡ್ಡ ಬಂದಿತು. ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿ ದೇಶದಾಚೆ ಒಯ್ಯದಂತೆ ತಡೆಯಿತು.

ಒಂದು ಬುಟ್ಟಿ ಹಣ್ಣಿಗಾಗಿ ಒಂದು ದೇಶವೇ ಇಷ್ಟು ಕಳವಳಗೊಂಡದ್ದು ಅಚ್ಚರಿಯ ಸಂಗತಿ. ಆದರೆ ಆ ಬುಟ್ಟಿಯನ್ನು ಚಿತ್ರಿಸಿದವನ ಜೀವಿತಕಾಲದಲ್ಲಿ ಹಣ್ಣು ಹಂಪಲುಗಳ ಚಿತ್ರಕಾರನೆಂದರೆ ಕಲಾವಿದರ ಪಂಕ್ತಿಯಲ್ಲಿ ಕಟ್ಟಕಡೆಯವನು. ಆ ಕಟ್ಟಕಡೆಯ ಪೀಠದಲ್ಲಿ ಅರ್ಧ ಶತಮಾನ ಕುಳಿತು, ಅಲ್ಲಿಂದಲೇ ಚಿತ್ರಕಲೆಯ ಮೌಲ್ಯಗಳನ್ನು ಸದ್ದಿಲ್ಲದೆ ಬದಲಿಸಿದ ಆ ಕಲಾವಿದನ ಹೆಸರು ಜಾನ್ ಸಿಮೆಯೋನ್ ಶಾರ್ದಾಂ.

ಬಡಗಿಯ ಮನೆಯ ಮಗ

ಶಾರ್ದಾಂ ಹುಟ್ಟಿದ್ದು 1699ರ ನವೆಂಬರ್ 2ರಂದು, ಪ್ಯಾರಿಸ್‌ನಲ್ಲಿ. ತಂದೆ ಮರಗೆಲಸದಲ್ಲಿ ನುರಿತ ಕುಶಲಕರ್ಮಿ. ರಾಜಮನೆತನಕ್ಕೆ ಬಿಲಿಯರ್ಡ್ಸ್ ಮೇಜುಗಳನ್ನು ಮಾಡಿಕೊಡುತ್ತಿದ್ದವನು. ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲವಾದರೂ ಮಗನಿಗೆ ಲ್ಯಾಟಿನ್ ಭಾಷೆ, ಪುರಾಣ, ಇತಿಹಾಸಗಳ ಶಿಕ್ಷಣ ಕೊಡಿಸುವ ಯೋಚನೆ ತಂದೆಗೆ ಬರಲಿಲ್ಲ. ಕೈಕಸುಬು ಕಲಿತರೆ ಸಾಕೆಂಬುದು ಅವನ ನಿಲುವು. ಈ ಕೊರತೆಯೇ ಮುಂದೆ ಶಾರ್ದಾಂನ ದಾರಿಯನ್ನು ನಿರ್ಧರಿಸಿತು.

ಅಂದಿನ ಫ್ರಾನ್ಸ್‌ನಲ್ಲಿ ಚಿತ್ರಕಲೆಗೂ ಒಂದು ಬಗೆಯ ವರ್ಣಾಶ್ರಮವಿತ್ತು. ಪುರಾಣ, ಬೈಬಲ್ ಮತ್ತು ಪ್ರಾಚೀನ ಇತಿಹಾಸದ ಪ್ರಸಂಗಗಳನ್ನು ಚಿತ್ರಿಸುವವನು ಎಲ್ಲರಿಗಿಂತ ಮೇಲಿನವನು. ಅವನ ನಂತರ ಭಾವಚಿತ್ರಕಾರ, ಆಮೇಲೆ ಜನಜೀವನದ ದೃಶ್ಯಗಳನ್ನೂ ಭೂದೃಶ್ಯಗಳನ್ನೂ ಬರೆಯುವವರು. ಹಣ್ಣು, ಹೂವು, ಪಾತ್ರೆ, ಸತ್ತ ಮೊಲ, ಹಕ್ಕಿಗಳನ್ನು ಚಿತ್ರಿಸುವ ಸ್ಥಿರವಸ್ತು ಚಿತ್ರಕಾರ ಎಲ್ಲರಿಗಿಂತ ಕೆಳಗಿನವನು. ಹದಿನೇಳನೆಯ ಶತಮಾನದಲ್ಲಿ ಫೆಲಿಬಿಯಾಂ ಎಂಬ ವಿದ್ವಾಂಸ ಈ ಶ್ರೇಣಿಯನ್ನು ಲಿಖಿತ ಸಿದ್ಧಾಂತವಾಗಿಸಿದ್ದನು. ಮನುಷ್ಯ ದೇವರ ಸೃಷ್ಟಿಯಲ್ಲಿ ಶ್ರೇಷ್ಠನಾದ್ದರಿಂದ ಮನುಷ್ಯನ ಮಹತ್ಕಾರ್ಯಗಳನ್ನು ಚಿತ್ರಿಸುವುದೇ ಶ್ರೇಷ್ಠ ಕಲೆ, ಉಸಿರಿಲ್ಲದ ವಸ್ತುವನ್ನು ನಕಲು ಮಾಡುವುದು ಬರಿಯ ಕೈಚಳಕ ಎಂಬುದು ಅದರ ತಿರುಳು.

ಶಾರ್ದಾಂ ಮೊದಲು ಪಿಯೆರ್ ಜಾಕ್ ಕಾಜ್ ಎಂಬ ಇತಿಹಾಸ ಚಿತ್ರಕಾರನ ಬಳಿ ಶಿಷ್ಯನಾಗಿ ಸೇರಿದನು. ಅಲ್ಲಿ ಕಲಿಕೆಯೆಂದರೆ ಗುರುವಿನ ಚಿತ್ರಗಳನ್ನು ಮತ್ತೆ ಮತ್ತೆ ನಕಲು ಮಾಡುವುದು. ನಂತರ ನೊಯೆಲ್ ನಿಕೊಲಾ ಕ್ವಾಪೆಲ್ ಎಂಬ ಕಲಾವಿದ ಅವನನ್ನು ಸಹಾಯಕನಾಗಿ ಕರೆದುಕೊಂಡನು. ಬೇಟೆಗಾರನೊಬ್ಬನ ಭಾವಚಿತ್ರದಲ್ಲಿ ಬಂದೂಕನ್ನು ಚಿತ್ರಿಸುವ ಕೆಲಸ ಶಾರ್ದಾಂನ ಪಾಲಿಗೆ ಬಂತು. ಬಂದೂಕನ್ನು ಯಾವ ಬೆಳಕಿನಲ್ಲಿ, ಯಾವ ಕೋನದಲ್ಲಿ ಇಡಬೇಕೆಂದು ಕ್ವಾಪೆಲ್ ಬಹಳ ಹೊತ್ತು ಹೊಂದಿಸುತ್ತಿದ್ದುದನ್ನು ಕಂಡು ತರುಣ ಬೆರಗಾದನೆಂದು ಅವನ ಗೆಳೆಯನೂ ಜೀವನಚರಿತ್ರಕಾರನೂ ಆದ ಕೊಶಾಂ ದಾಖಲಿಸಿದ್ದಾನೆ. ಅಷ್ಟು ಸಾಮಾನ್ಯ ವಸ್ತುವೂ ಬೆಳಕಿನ ಮುಂದೆ ಸಾಮಾನ್ಯವಾಗಿ ಉಳಿಯುವುದಿಲ್ಲವೆಂಬುದು ಅವನಿಗೆ ಅಂದು ಹೊಳೆಯಿತು.

ಮತ್ತೊಂದು ಪ್ರಸಂಗವೂ ಕೊಶಾಂನ ಬರವಣಿಗೆಯಲ್ಲಿದೆ. ಯಾರೋ ಅವನಿಗೆ ಒಂದು ಮೊಲವನ್ನು ಕೊಟ್ಟರು. ಅದನ್ನು ಚಿತ್ರಿಸಲು ಕುಳಿತವನಿಗೆ ಕೂದಲನ್ನು ಒಂದೊಂದಾಗಿ ಎಣಿಸಿ ಬರೆದರೆ ಚಿತ್ರ ಒಣಗಿದಂತಾಗುತ್ತದೆಂದು ತೋರಿತು. ತಾನು ನೋಡಿದ್ದ ಹಳೆಯ ಚಿತ್ರಗಳನ್ನೂ ಕಲಿತ ಪಾಠಗಳನ್ನೂ ಮರೆತು, ಮೊಲವನ್ನು ಕೂದಲುಗಳು ಬಿಡಿಬಿಡಿಯಾಗಿ ಕಾಣದಷ್ಟು ದೂರದಲ್ಲಿಟ್ಟು, ಅದರ ಒಟ್ಟು ರಾಶಿಯನ್ನೂ ಬಣ್ಣವನ್ನೂ ನೆರಳು ಬೆಳಕನ್ನೂ ಹಿಡಿಯಲು ಅವನು ನಿರ್ಧರಿಸಿದನು. ಜೀವನದುದ್ದಕ್ಕೂ ಅವನು ಅನುಸರಿಸಿದ ಮಾರ್ಗ ಇದೇ.

ಅಕಾಡೆಮಿಯ ಬಾಗಿಲು

ಪ್ಯಾರಿಸ್‌ನ ದೊಫೀನ್ ಚೌಕದಲ್ಲಿ ವರ್ಷಕ್ಕೊಮ್ಮೆ ಕ್ರೈಸ್ತರ ಹಬ್ಬದ ದಿನ ಯುವ ಕಲಾವಿದರು ಬಯಲಿನಲ್ಲಿ ತಮ್ಮ ಚಿತ್ರಗಳನ್ನು ತೂಗುಹಾಕುತ್ತಿದ್ದರು. 1728ರಲ್ಲಿ ಶಾರ್ದಾಂ ಅಲ್ಲಿ ‘ತಿರಂಡಿ ಮೀನು’ ಚಿತ್ರವನ್ನು ಪ್ರದರ್ಶಿಸಿದನು. ಹೊಟ್ಟೆ ಸೀಳಿ ಕೊಕ್ಕೆಗೆ ತೂಗುಹಾಕಿದ ತಿರಂಡಿ, ಕೆಳಗೆ ಸಿಂಪಿಗಳ ಮೇಲೆ ಬೆನ್ನು ನಿಮಿರಿಸಿ ನಿಂತ ಬೆಕ್ಕಿನ ಮರಿ. ಅಸಹ್ಯ ಹುಟ್ಟಿಸಬೇಕಾದ ಆ ದೃಶ್ಯದ ಎದುರು ಜನ ಕದಲದೆ ನಿಂತರು. ರಾಜಾಶ್ರಯದ ಚಿತ್ರಕಲಾ ಅಕಾಡೆಮಿಗೆ ಅರ್ಜಿ ಹಾಕುವಂತೆ ಬಲ್ಲವರು ಅವನಿಗೆ ಸೂಚಿಸಿದರು.

ಅಕಾಡೆಮಿಯ ಸಭೆಯ ದಿನ ಶಾರ್ದಾಂ ತನ್ನ ಚಿತ್ರಗಳನ್ನು ಪಕ್ಕದ ಕೋಣೆಯಲ್ಲಿ ಆಕಸ್ಮಿಕವೆಂಬಂತೆ ಇಟ್ಟಿದ್ದನಂತೆ. ಹಿರಿಯ ಕಲಾವಿದ ಲಾರ್ಜಿಲಿಯೆರ್ ಅವುಗಳನ್ನು ಫ್ಲಾಂಡರ್ಸ್‌ನ ಯಾವುದೋ ಹಳೆಯ ಮಹಾಕಲಾವಿದನ ಕೃತಿಗಳೆಂದು ಭ್ರಮಿಸಿ ಮೆಚ್ಚಿಕೊಂಡನೆಂದು ಹೇಳುತ್ತಾರೆ. 1728ರ ಸೆಪ್ಟೆಂಬರ್ 25ರಂದು ಅಕಾಡೆಮಿ ಅವನನ್ನು ಅಭ್ಯರ್ಥಿಯಾಗಿ ಒಪ್ಪಿಕೊಂಡು ಅದೇ ದಿನ ಪೂರ್ಣ ಸದಸ್ಯತ್ವವನ್ನೂ ನೀಡಿತು. ಸಾಮಾನ್ಯವಾಗಿ ಈ ಎರಡು ಹಂತಗಳ ನಡುವೆ ವರ್ಷಗಳೇ ಕಳೆಯುತ್ತಿದ್ದವು. ‘ತಿರಂಡಿ ಮೀನು’ ಜೊತೆಗೆ ಅವನು ಅಕಾಡೆಮಿಗೆ ಒಪ್ಪಿಸಿದ ಇನ್ನೊಂದು ಚಿತ್ರ ‘ಬಫೆ’. ಅದರಲ್ಲಿ ಕಲ್ಲಿನ ಕಟ್ಟೆಯ ಮೇಲೆ ಪೀಚ್ ಮುಂತಾದ ಹಣ್ಣುಗಳ ಎತ್ತರದ ಗೋಪುರವಿದೆ, ಕೆಳಗೆ ನಾಯಿಯೊಂದು ಕತ್ತೆತ್ತಿ ನೋಡುತ್ತಿದೆ. ಅಕಾಡೆಮಿಯ ದಾಖಲೆಯಲ್ಲಿ ಶಾರ್ದಾಂ ಪ್ರಾಣಿಗಳನ್ನೂ ಹಣ್ಣುಗಳನ್ನೂ ಚಿತ್ರಿಸುವ ಪ್ರತಿಭೆಯುಳ್ಳವನೆಂದು ನಮೂದಾದನು. ಅದು ಗೌರವವೂ ಹೌದು, ಎಲ್ಲೆಯೂ ಹೌದು. ಆ ವರ್ಗದ ಚಿತ್ರಕಾರ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾಗುವಂತಿರಲಿಲ್ಲ, ಅವನ ಕೃತಿಗಳಿಗೆ ಇತಿಹಾಸ ಚಿತ್ರಗಳ ಬೆಲೆಯೂ ಸಿಗುತ್ತಿರಲಿಲ್ಲ.

ಮನೆಯೊಳಗಿನ ನೋವು, ಅರಮನೆಯ ಮನ್ನಣೆ

1731ರಲ್ಲಿ ಶಾರ್ದಾಂ ಮಾರ್ಗರೀತ್ ಸೆಂತಾರ್ ಎಂಬಾಕೆಯನ್ನು ವಿವಾಹವಾದನು. ಅದೇ ವರ್ಷ ಮಗ ಜಾನ್ ಪಿಯೆರ್ ಹುಟ್ಟಿದನು, ಎರಡು ವರ್ಷಗಳ ನಂತರ ಮಗಳು. ಆದರೆ 1735ರಲ್ಲಿ ಹೆಂಡತಿ ತೀರಿಕೊಂಡಳು. ಕೆಲಕಾಲದಲ್ಲೇ ಮಗಳೂ ಇಲ್ಲವಾದಳು. ಪುಟ್ಟ ಮಗನೊಡನೆ ಶಾರ್ದಾಂ ಒಂಟಿಯಾದನು.

ಈ ವರ್ಷಗಳಲ್ಲಿ ಅವನ ಕುಂಚ ಹಣ್ಣು ಪಾತ್ರೆಗಳಿಂದ ಮನುಷ್ಯರತ್ತ ಹೊರಳಿತು. ಇದಕ್ಕೂ ಒಂದು ಕಥೆಯಿದೆ. ಭಾವಚಿತ್ರಕಾರನಾದ ಗೆಳೆಯ ಅವೇದ್ 400 ಲೀವ್ರ್ ಸಂಭಾವನೆ ಕಡಿಮೆಯೆಂದು ಒಂದು ಭಾವಚಿತ್ರದ ಕೆಲಸವನ್ನು ನಿರಾಕರಿಸಿದನು. ಅಷ್ಟು ಹಣವನ್ನು ಬಿಡಬಾರದಿತ್ತೆಂದು ಶಾರ್ದಾಂ ಹೇಳಿದಾಗ, ಭಾವಚಿತ್ರವೆಂದರೆ ಮಾಂಸದ ತಿನಿಸನ್ನು ಚಿತ್ರಿಸಿದಷ್ಟು ಸುಲಭವಲ್ಲವೆಂದು ಗೆಳೆಯ ಚುಚ್ಚಿದನಂತೆ. ಆ ಮಾತು ನಾಟಿತು. ಬಟ್ಟೆ ಒಗೆಯುವ ಹೆಂಗಸು, ಸಾಬೂನಿನ ಗುಳ್ಳೆ ಊದುವ ಹುಡುಗ, ಇಸ್ಪೀಟೆಲೆಗಳ ಮನೆ ಕಟ್ಟುವ ಬಾಲಕ, ಸಂತೆಯಿಂದ ಮರಳಿದ ಮನೆಗೆಲಸದಾಕೆ ಅವನ ಚಿತ್ರಗಳಲ್ಲಿ ಮೂಡಿದರು. ಪುರಾಣಪುರುಷರಲ್ಲದ ಇವರೆಲ್ಲ ತಮ್ಮ ಕೆಲಸದಲ್ಲಿ ಮೈಮರೆತವರು, ನೋಡುಗನತ್ತ ಕಣ್ಣೆತ್ತದವರು.

1740ರ ಪ್ರದರ್ಶನದಲ್ಲಿದ್ದ ‘ಊಟದ ಮುನ್ನಿನ ಪ್ರಾರ್ಥನೆ’ ಮತ್ತು ‘ಶ್ರಮಶೀಲ ತಾಯಿ’ ಎಂಬ ಎರಡು ಚಿತ್ರಗಳನ್ನು ಅವನು ಅದೇ ನವೆಂಬರ್‌ನಲ್ಲಿ ವರ್ಸಾಯ್ ಅರಮನೆಯಲ್ಲಿ 15ನೆಯ ಲೂಯಿ ದೊರೆಗೆ ಅರ್ಪಿಸಿದನು. ಬಡಗಿಯ ಮಗ ದೊರೆಯ ಮುಂದೆ ನಿಂತು ಸಾಮಾನ್ಯ ಮನೆಯೊಂದರ ಊಟದ ಮೇಜನ್ನು ಕಾಣಿಕೆಯಾಗಿ ಕೊಟ್ಟನು. ಅವನ ಚಿತ್ರಗಳನ್ನು ತಾಮ್ರದ ಫಲಕದ ಮೇಲೆ ಕೊರೆದು ಅಚ್ಚು ಹಾಕಿ ಮಾರುವ ಉದ್ಯಮವೂ ಬೆಳೆಯಿತು. ಮೂಲಚಿತ್ರ ಕೊಳ್ಳಲಾಗದ ಮಧ್ಯಮ ವರ್ಗದವರ ಗೋಡೆಗಳನ್ನೂ ಶಾರ್ದಾಂ ತಲುಪಿದನು. 1752ರಲ್ಲಿ ದೊರೆ ಅವನಿಗೆ ವರ್ಷಕ್ಕೆ 500 ಲೀವ್ರ್ ಮಾಸಾಶನದ ರೂಪದ ನೆರವನ್ನು ಮಂಜೂರು ಮಾಡಿದನು.

1744ರಲ್ಲಿ ಅವನು ಫ್ರಾಂಸ್ವಾಸ್ ಮಾರ್ಗರೀತ್ ಪುಜೆ ಎಂಬ ವಿಧವೆಯನ್ನು ಮದುವೆಯಾಗಿದ್ದನು. ಸ್ವಲ್ಪ ಆಸ್ತಿವಂತಳಾಗಿದ್ದ ಆಕೆಯಿಂದ ಮನೆಗೆ ನೆಮ್ಮದಿ ಬಂದಿತು. ಹುಟ್ಟಿದ ಹೆಣ್ಣುಮಗು ಮಾತ್ರ ಉಳಿಯಲಿಲ್ಲ. 1755ರಲ್ಲಿ ಅಕಾಡೆಮಿ ಶಾರ್ದಾಂನನ್ನು ಖಜಾಂಚಿಯಾಗಿ ಆರಿಸಿತು. ಲೆಕ್ಕಪತ್ರಗಳು ಆಗ ಅಸ್ತವ್ಯಸ್ತವಾಗಿದ್ದವು. ಹೆಂಡತಿಯ ನೆರವಿನಿಂದ ಅವನು ಅವುಗಳನ್ನು ಸರಿಪಡಿಸಿದನು. ಲೂವ್ರ್ ಅರಮನೆಯ ದೊಡ್ಡ ಸಭಾಂಗಣದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಲೋನ್ ಪ್ರದರ್ಶನದಲ್ಲಿ ಚಿತ್ರಗಳನ್ನು ತೂಗುಹಾಕುವ ಹೊಣೆಯೂ ಅವನದಾಯಿತು. ನೆಲದ ಹತ್ತಿರದಿಂದ ಸೂರಿನವರೆಗೂ ಒತ್ತೊತ್ತಾಗಿ ಚಿತ್ರಗಳನ್ನು ಜೋಡಿಸಬೇಕಾದ ಆ ಕೆಲಸದಲ್ಲಿ ಪ್ರತಿಯೊಬ್ಬ ಕಲಾವಿದನ ಅಭಿಮಾನವನ್ನೂ ಕಾಯಬೇಕಿತ್ತು. 1757ರಲ್ಲಿ ದೊರೆ ಅವನಿಗೆ ಲೂವ್ರ್‌ನಲ್ಲೇ ವಸತಿ ನೀಡಿದನು.

ಮತ್ತೆ ಹಣ್ಣಿನ ಬುಟ್ಟಿಗೆ

ಐವತ್ತು ದಾಟಿದ ಶಾರ್ದಾಂ ಕೀರ್ತಿ ತಂದ ಮನುಷ್ಯಚಿತ್ರಗಳನ್ನು ಬದಿಗಿಟ್ಟು ಮತ್ತೆ ಹಣ್ಣುಗಳತ್ತ ಮರಳಿದನು. ಆದರೆ ಈಗಿನ ಹಣ್ಣುಗಳು ‘ಬಫೆ’ ಚಿತ್ರದ ವೈಭವದ ಗೋಪುರಗಳಲ್ಲ. ನೀರಿನ ಲೋಟವೊಂದು, ಬೆಳ್ಳುಳ್ಳಿಯ ಗೆಡ್ಡೆ, ಕಾಫಿಯ ಹೂಜಿ, ಎರಡು ಅಕ್ರೋಟು, ಒಂದು ಚಾಕು, ಬುಟ್ಟಿ ತುಂಬ ಪೀಚ್ ಅಥವಾ ಪ್ಲಮ್ ಹಣ್ಣು. ವಸ್ತುಗಳು ಕಡಿಮೆಯಾದಷ್ಟೂ ಅವುಗಳ ಸುತ್ತಲಿನ ಗಾಳಿ ಗಾಢವಾಯಿತು.

1761ರ ಸಲೋನ್‌ನಲ್ಲಿ ಪ್ರದರ್ಶಿತವಾದ ‘ಕಾಡು ಸ್ಟ್ರಾಬೆರಿಗಳ ಬುಟ್ಟಿ’ ಈ ಮಾಗಿದ ಕಾಲದ ಕೃತಿ. ಅದರ ರಚನೆ ಸರಳವೆಂದು ತೋರಿದರೂ ಪ್ರತಿಯೊಂದು ವಸ್ತುವೂ ಲೆಕ್ಕ ಹಾಕಿ ಇಟ್ಟದ್ದು. ಕಂದು ಹಿನ್ನೆಲೆಯ ಮುಂದೆ ಕೆಂಪು ರಾಶಿ ತ್ರಿಕೋನಾಕಾರದಲ್ಲಿ ಏರಿ ನಿಂತಿದೆ. ಸಮೀಪದಿಂದ ನೋಡಿದರೆ ಒಂದೊಂದು ಹಣ್ಣಿಗೂ ಸ್ಪಷ್ಟವಾದ ಅಂಚಿಲ್ಲ. ಕೆಂಪಿನ ಮೇಲೆ ಕೆಂಪು, ಅಲ್ಲಲ್ಲಿ ಮಿನುಗುವ ಚುಕ್ಕಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಚುಕ್ಕಿಗಳು ಮಾಗಿದ ಹಣ್ಣಿನ ತೊಗಲಾಗುತ್ತವೆ. ಒಂದು ಬದಿಯ ನೀರಿನ ಲೋಟದ ತಣ್ಣನೆಯ ಹೊಳಪು ಮತ್ತು ಕಾರ್ನೇಷನ್‌ಗಳ ಬಿಳುಪು ಆ ಕೆಂಪಿನ ಕಾವನ್ನು ಸಮತೋಲಗೊಳಿಸುತ್ತವೆ. ಮೊಲದ ಕೂದಲನ್ನು ಎಣಿಸಲೊಪ್ಪದ ಹುಡುಗ ಅರವತ್ತರ ಹೊಸ್ತಿಲು ದಾಟಿ ಸ್ಟ್ರಾಬೆರಿಗಳನ್ನೂ ಎಣಿಸದೆ ಚಿತ್ರಿಸಿದ್ದನು.

ಅವನು ಕೆಲಸ ಮಾಡುತ್ತಿದ್ದುದು ಬಹಳ ನಿಧಾನವಾಗಿ. ಮೊದಲು ರೇಖಾಚಿತ್ರ ಸಿದ್ಧಪಡಿಸಿಕೊಂಡು ಬಣ್ಣ ತುಂಬುವ ಅಕಾಡೆಮಿಯ ಪದ್ಧತಿ ಅವನದಾಗಿರಲಿಲ್ಲ. ವಸ್ತುವನ್ನು ಎದುರಿಗಿಟ್ಟುಕೊಂಡು ನೇರವಾಗಿ ಕ್ಯಾನ್ವಾಸಿನ ಮೇಲೆ ಬಣ್ಣದ ಪದರದ ಮೇಲೆ ಪದರ ಹಚ್ಚುತ್ತಿದ್ದನು. ಒಂದು ವಸ್ತುವಿನ ಬಣ್ಣ ಪಕ್ಕದ ವಸ್ತುವಿನ ಮೇಲೆ ಬಿದ್ದು ಪ್ರತಿಫಲಿಸುವುದನ್ನು ಅವನು ಬಿಡದೆ ಗಮನಿಸುತ್ತಿದ್ದನು. ದೀರ್ಘ ಬಾಳಿನಲ್ಲಿ ಅವನು ಮಾಡಿದ ಚಿತ್ರಗಳು ಹೆಚ್ಚಿಲ್ಲ. ಸುಮಾರು ಇನ್ನೂರು ಎಂದು ಎಣಿಸುತ್ತಾರೆ. ಅವನು ಚಿತ್ರ ಬರೆಯುವುದನ್ನು ಕಣ್ಣಾರೆ ಕಂಡವರಂತೂ ತೀರ ವಿರಳ.

ಅಂದಿನ ಸಲೋನ್‌ಗಳ ವಿಮರ್ಶೆ ಬರೆಯುತ್ತಿದ್ದ ತತ್ತ್ವಜ್ಞಾನಿ ದಿದೆರೊ ಶಾರ್ದಾಂನ ಬಹುದೊಡ್ಡ ಅಭಿಮಾನಿಯಾದನು. 1763ರಲ್ಲಿ ‘ಆಲಿವ್ ಭರಣಿ’ ಚಿತ್ರದ ಮುಂದೆ ನಿಂತು, ಇಲ್ಲಿರುವುದು ಬಣ್ಣವಲ್ಲ, ವಸ್ತುವಿನ ಸತ್ತ್ವವೇ ಎಂಬರ್ಥದಲ್ಲಿ ಅವನು ಬರೆದನು. ಸ್ಥಿರವಸ್ತು ಚಿತ್ರ ಕೀಳೆಂಬ ಸಿದ್ಧಾಂತವನ್ನು ದಿದೆರೊ ಪೂರ್ತಿ ಬಿಟ್ಟುಕೊಡಲಿಲ್ಲವಾದರೂ ಶಾರ್ದಾಂನ ಎದುರು ಆ ಸಿದ್ಧಾಂತ ತತ್ತರಿಸುತ್ತಿತ್ತು. ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ಕೂಡ ಶಾರ್ದಾಂನ ಕುಂಚದ ಚಿತ್ರವೊಂದನ್ನು ತರಿಸಿಕೊಂಡಳು. ‘ಸ್ಟ್ರಾಬೆರಿಗಳ ಬುಟ್ಟಿ’ಗೆ 1761ರಲ್ಲಿ ಸಿಕ್ಕ ಸಾಕ್ಷಿ ಮಾತ್ರ ಬಹಳ ಚಿಕ್ಕದು. ಸೇಂತೊಬಾಂ ಎಂಬ ಕಲಾವಿದ ಪ್ರದರ್ಶನದ ಕೈಪಿಡಿಯ ಅಂಚಿನಲ್ಲಿ ಅದರ ಗೀಟುಚಿತ್ರವೊಂದನ್ನು ಬರೆದಿಟ್ಟುಕೊಂಡನು.

ಮಗನ ದಾರಿ

ತನಗೆ ದಕ್ಕದ ಮೇಲಿನ ಪೀಠವನ್ನು ಮಗನಾದರೂ ಏರಲಿ ಎಂಬುದು ಶಾರ್ದಾಂನ ಆಸೆಯಾಗಿತ್ತು. ತನಗೆ ಸಿಗದ ಶಿಕ್ಷಣವನ್ನು ಅವನು ಜಾನ್ ಪಿಯೆರ್‌ಗೆ ಕೊಡಿಸಿದನು, ಇತಿಹಾಸ ಚಿತ್ರಕಾರನನ್ನಾಗಿ ಬೆಳೆಸಿದನು. 1754ರಲ್ಲಿ ಮಗ ಅಕಾಡೆಮಿಯ ಮೊದಲ ಬಹುಮಾನ ಗೆದ್ದು ರೋಮ್‌ನಲ್ಲಿ ಅಭ್ಯಾಸ ಮಾಡುವ ಅರ್ಹತೆ ಪಡೆದನು. ಆದರೆ 1757ರಲ್ಲಿ, ಸತ್ತ ತಾಯಿಯ ಆಸ್ತಿಯ ಪಾಲಿನ ವಿಷಯದಲ್ಲಿ ತಂದೆ ಮಕ್ಕಳ ನಡುವೆ ಬಿರುಕು ಮೂಡಿತು. ರೋಮ್‌ನಲ್ಲೂ ಮಗನ ಕೆಲಸ ಕುದುರಲಿಲ್ಲ. 1762ರಲ್ಲಿ ಮರಳುವಾಗ ಇಂಗ್ಲಿಷ್ ಕಡಲುಗಳ್ಳರು ಅವನನ್ನು ಜಿನೋವಾ ಬಳಿ ಸೆರೆಹಿಡಿದರು. ಬಿಡುಗಡೆಯಾಗಿ ಬಂದವನು 1767ರಲ್ಲಿ ಫ್ರೆಂಚ್ ರಾಯಭಾರಿಯ ಜೊತೆ ವೆನಿಸ್‌ಗೆ ಹೊರಟುಹೋದನು. ಅಲ್ಲಿನ ಕಾಲುವೆಯಲ್ಲಿ ಮುಳುಗಿ ಸತ್ತನೆಂದು ನಂಬಲಾಗಿದೆ. ಸ್ವತಃ ಜೀವ ಕಳೆದುಕೊಂಡನೆಂಬ ಶಂಕೆಯೂ ಉಳಿಯಿತು.

ಮಗ ಇನ್ನೂ ಬದುಕಿದ್ದಾಗಲೇ, 1765ರ ಸಲೋನ್ ಸಂದರ್ಭದಲ್ಲಿ, ಶಾರ್ದಾಂ ವಿಮರ್ಶಕರನ್ನು ಮೃದುವಾಗಿರುವಂತೆ ಬೇಡಿಕೊಂಡಿದ್ದನ್ನು ದಿದೆರೊ ದಾಖಲಿಸಿದ್ದಾನೆ. ಏಳೆಂಟು ವರ್ಷದ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ವರ್ಷಗಟ್ಟಲೆ ದುಡಿಸಿ, ಕೊನೆಗೆ ಬಹುಪಾಲು ಮಂದಿಯನ್ನು ಬರಿಗೈಯಲ್ಲಿ ಬೀದಿಗೆ ಬಿಡುವ ವಿದ್ಯೆ ಇದು. ಪ್ರದರ್ಶನದಲ್ಲಿ ಕೆಟ್ಟದ್ದೆನಿಸುವ ಚಿತ್ರದ ಹಿಂದೆಯೂ ಸಾವಿರ ಸೋಲುಗಳನ್ನು ದಾಟಿ ಬಂದವನಿದ್ದಾನೆ ಎಂಬುದು ಅವನ ಮಾತಿನ ಸಾರ. ಅದರಲ್ಲಿ ತಂದೆಯೊಬ್ಬನ ಸಂಕಟವೂ ಬೆರೆತಿತ್ತೆಂದು ಊಹಿಸುವುದು ಕಷ್ಟವಲ್ಲ.

ಮಂಕಾದ ಕಣ್ಣು, ಮಾಸದ ಕೈ

1770ರ ದಶಕ ಶಾರ್ದಾಂನ ಪಾಲಿಗೆ ಕಠಿಣವಾಯಿತು. ಅಕಾಡೆಮಿಯ ಅಧಿಕಾರ ಅವನ ಹಿತೈಷಿಗಳ ಕೈತಪ್ಪಿತು. 1770ರಲ್ಲಿ ದೊರೆಯ ಪ್ರಧಾನ ಚಿತ್ರಕಾರನಾದ ಪಿಯೆರ್ ಅವನ ಬಗ್ಗೆ ಆದರವುಳ್ಳವನಾಗಿರಲಿಲ್ಲ. ಇತಿಹಾಸ ಚಿತ್ರಗಳಿಗೆ ಮತ್ತೆ ಪ್ರಾಶಸ್ತ್ಯ ನೀಡುವ ನೀತಿ ಬಂದಿತು. ಹಣ್ಣಿನ ಚಿತ್ರಕಾರನ ಮನವಿಗಳಿಗೆ ಕಿವಿಗೊಡುವವರು ಕಡಿಮೆಯಾದರು. 1774ರಲ್ಲಿ ಅವನು ಖಜಾಂಚಿ ಸ್ಥಾನವನ್ನು ಬಿಟ್ಟನು.

ಇದೇ ಕಾಲದಲ್ಲಿ ಕಣ್ಣುಗಳೂ ಕೈಕೊಟ್ಟವು. ದಶಕಗಳ ಕಾಲ ಹತ್ತಿರದಿಂದ ಉಸಿರಾಡಿದ ಸೀಸಮಿಶ್ರಿತ ಬಣ್ಣಗಳೂ ಎಣ್ಣೆಗಳೂ ಅವನ ದೃಷ್ಟಿಯನ್ನು ಹಾಳುಮಾಡಿದವೆಂದು ಭಾವಿಸಲಾಗಿದೆ. ತೈಲವರ್ಣ ಅಸಾಧ್ಯವಾದಾಗ ಎಪ್ಪತ್ತು ದಾಟಿದ ಮುದುಕ ಪೇಸ್ಟಲ್ ಬಣ್ಣದ ಕಡ್ಡಿಗಳನ್ನು ಕೈಗೆತ್ತಿಕೊಂಡನು. ಅವನು ಅದುವರೆಗೆ ಬಳಸದಿದ್ದ ಮಾಧ್ಯಮವದು. 1771ರ ಸಲೋನ್‌ನಲ್ಲಿ ಕನ್ನಡಕ ಧರಿಸಿದ ತನ್ನದೇ ಮುಖವನ್ನು ಅವನು ಪ್ರದರ್ಶನಕ್ಕಿಟ್ಟಾಗ ಜನ ಬೆರಗಾದರು. 1775ರ ಸ್ವಚಿತ್ರದಲ್ಲಿ ತಲೆಗೆ ಬಟ್ಟೆ ಸುತ್ತಿ, ಕಣ್ಣಿಗೆ ಬೆಳಕು ತಾಗದಂತೆ ನೆರಳು ಪಟ್ಟಿ ಕಟ್ಟಿಕೊಂಡಿದ್ದಾನೆ. ಮುಪ್ಪನ್ನಾಗಲಿ ಕುಂದನ್ನಾಗಲಿ ಮರೆಮಾಚುವ ಯತ್ನವಿಲ್ಲ. ಪೀಚ್ ಹಣ್ಣಿನ ಸಿಪ್ಪೆಯನ್ನು ದಿಟ್ಟಿಸಿದ ಅದೇ ನಿರ್ಮಮ ದೃಷ್ಟಿಯಿಂದ ಅವನು ತನ್ನ ಮುಖದ ಸುಕ್ಕುಗಳನ್ನೂ ದಿಟ್ಟಿಸಿದನು. ಹೆಂಡತಿಯ ಭಾವಚಿತ್ರವನ್ನೂ ಅದೇ ವರ್ಷ ರಚಿಸಿದನು.

1779ರ ಸಲೋನ್ ಅವನ ಕೊನೆಯದು. ಅಲ್ಲಿದ್ದ ಕಿರಿಯ ಸೇವಕನೊಬ್ಬನ ತಲೆಯ ಪೇಸ್ಟಲ್ ಚಿತ್ರವನ್ನು ದಿವಂಗತ ದೊರೆಯ ಮಗಳು ವಿಕ್ತ್ವಾರ್ ಮೆಚ್ಚಿದಳು. ಶಾರ್ದಾಂ ಅದನ್ನು ಕಾಣಿಕೆಯಾಗಿ ಕೊಟ್ಟನು. ಪ್ರತಿಯಾಗಿ ಆಕೆ ಚಿನ್ನದ ನಶ್ಯದ ಡಬ್ಬಿಯನ್ನು ಕಳುಹಿಸಿದಳು. ಆ ವರ್ಷದ ಡಿಸೆಂಬರ್ 6ರಂದು, ಎಂಬತ್ತರ ವಯಸ್ಸಿನಲ್ಲಿ, ಲೂವ್ರ್‌ನ ತನ್ನ ವಸತಿಯಲ್ಲಿ ಶಾರ್ದಾಂ ಕೊನೆಯುಸಿರೆಳೆದನು. ಹೆಂಡತಿ 1791ರವರೆಗೆ ಬದುಕಿದ್ದಳು.

ಮರೆವು ಮತ್ತು ಮರುಹುಟ್ಟು

ಶಾರ್ದಾಂ ಸತ್ತ ಹತ್ತು ವರ್ಷಗಳಲ್ಲಿ ಫ್ರೆಂಚ್ ಕ್ರಾಂತಿ ಬಂದಿತು. ರೋಮನ್ ವೀರರ ಚಿತ್ರಗಳಿಗೆ ಬೆಲೆ ಬಂದ ಕಾಲದಲ್ಲಿ ಹಣ್ಣಿನ ಬುಟ್ಟಿಗಳು ಅಗ್ಗದ ವಸ್ತುಗಳಾದವು. ಅವನ ಚಿತ್ರಗಳನ್ನು ಅಂಗಡಿಗಳ ಮೂಲೆಯಿಂದ ಆರಿಸಿ ತಂದವರಲ್ಲಿ ಫ್ರಾಂಸ್ವಾ ಮಾರ್ಸೀಯ್ ಎಂಬ ಸಂಗ್ರಾಹಕ ಪ್ರಮುಖನು. ‘ಸ್ಟ್ರಾಬೆರಿಗಳ ಬುಟ್ಟಿ’ ಅವನ ಮಗ ಯೂದಾಕ್ಸ್ ಮಾರ್ಸೀಯ್ ಸಂಗ್ರಹದಲ್ಲಿದ್ದು, ಮುಂದೆ ಆ ಮನೆತನದಲ್ಲೇ ಉಳಿಯಿತು. 1860ರ ದಶಕದಲ್ಲಿ ಗಾಂಕೂರ್ ಸಹೋದರರ ಬರಹಗಳು ಶಾರ್ದಾಂನನ್ನು ಮತ್ತೆ ಬೆಳಕಿಗೆ ತಂದವು. 1869ರಲ್ಲಿ ಲಾ ಕಾಜ್ ಎಂಬ ವೈದ್ಯ ತನ್ನ ಸಂಗ್ರಹವನ್ನು ಲೂವ್ರ್‌ಗೆ ಬಿಟ್ಟುಕೊಟ್ಟಾಗ ಅದರೊಂದಿಗೆ ಶಾರ್ದಾಂನ ಹಲವು ಚಿತ್ರಗಳೂ ಬಂದವು. ಸೆಜಾನ್ ಅವನ ಪೇಸ್ಟಲ್ ಸ್ವಚಿತ್ರವನ್ನು ಧ್ಯಾನಿಸಿದನು, ಮತೀಸ್ ‘ತಿರಂಡಿ ಮೀನು’ ಚಿತ್ರವನ್ನು ಲೂವ್ರ್‌ನಲ್ಲಿ ಕುಳಿತು ನಕಲು ಮಾಡಿದನು, ಕಾದಂಬರಿಕಾರ ಪ್ರೂಸ್ತ್ ಅವನ ಬಗ್ಗೆ ಪ್ರಬಂಧ ಬರೆದನು. ಇಪ್ಪತ್ತನೆಯ ಶತಮಾನದ ಕಲೆಯಲ್ಲಿ ಸೇಬು, ಬಟ್ಟಲು, ಮೇಜುಗಳಿಗೆ ದೊರೆತ ಗೌರವದ ಬೇರು ಇಲ್ಲಿದೆ.

2022ರ ಹರಾಜಿನ ನಂತರ ಲೂವ್ರ್ ಸಂಗ್ರಹಾಲಯ ಹಣ ಕೂಡಿಸಲು ಹೊರಟಿತು. ಐಷಾರಾಮಿ ವಸ್ತುಗಳ ಉದ್ಯಮ ಸಮೂಹವೊಂದು ದೊಡ್ಡ ಪಾಲನ್ನು ನೀಡಿತು. ಸಾರ್ವಜನಿಕರಿಗೂ ಮನವಿ ಹೋಯಿತು. ಸುಮಾರು 10 ಸಾವಿರ ಮಂದಿ ತಮ್ಮ ಕೈಲಾದಷ್ಟು ಕೊಟ್ಟರು. ಅವರ ದೇಣಿಗೆಯೇ 16 ಲಕ್ಷ ಯೂರೊಗಳಾಯಿತು. 2024ರಲ್ಲಿ ಚಿತ್ರ ಲೂವ್ರ್‌ಗೆ ಸೇರಿತು.

ಶಾರ್ದಾಂ 22 ವರ್ಷ ವಾಸವಿದ್ದುದು, ಸಹೋದ್ಯೋಗಿಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕಿದುದು, 1761ರಲ್ಲಿ ಈ ಬುಟ್ಟಿಯನ್ನು ಜನರ ಮುಂದಿಟ್ಟುದು, ಕಡೆಗೆ ಕಣ್ಮುಚ್ಚಿದುದು ಎಲ್ಲವೂ ಅದೇ ಕಟ್ಟಡದಲ್ಲಿ. ಕಟ್ಟಕಡೆಯ ಪಂಕ್ತಿಯವನ ಹಣ್ಣಿನ ಬುಟ್ಟಿ 263 ವರ್ಷಗಳ ಅಲೆದಾಟದ ನಂತರ ಹೊರಟ ಮನೆಗೇ ಹಿಂದಿರುಗಿತು.